ಎರಡೇ ತಿಂಗಳಲ್ಲಿ ಮತ್ತೆ ಬರುವ ಗೆರೆಗಳು: ಹಳೆಯ ಕಪ್ಪು ಕಾರಿಗೆ ಮೆಷಿನ್ ಪಾಲಿಶ್

ಪ್ರಶ್ನೆ: ನಮ್ಮದು 2010ರ ಕಪ್ಪು ಹೋಂಡಾ ಸಿಟಿ. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್, ಡಿಕ್ಕಿ, ಬಾಗಿಲು ಎಲ್ಲ ಕಡೆ ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೆರೆಗಳು ಕಾಣುತ್ತವೆ. ಎರಡು ಸಲ ಹೊರಗಡೆ ರಬ್ಬಿಂಗ್ ಪಾಲಿಶ್ ಮಾಡಿಸಿದೆವು. ಆ ದಿನ ಕನ್ನಡಿಯಂತಿತ್ತು, ಎರಡೇ ತಿಂಗಳಲ್ಲಿ ಗೆರೆಗಳು ಮತ್ತೆ ಬಂದವು. ಈಗ ನಾನೇ 15 ಮಿ.ಮೀ. ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶರ್ ಕೊಂಡಿದ್ದೇನೆ. ಎಡಗಡೆ ಹಿಂಬಾಗಿಲು ಮತ್ತು ಹಿಂದಿನ ಬಂಪರ್ ಒಮ್ಮೆ ಪೇಂಟ್ ಆಗಿವೆ. ಇಷ್ಟು ಹಳೆಯ ಪೇಂಟಿಗೆ ಮೆಷಿನ್ ಹಾಕಬಹುದೇ? ಯಾವ ಪ್ಯಾಡ್, ಯಾವ ಕಾಂಪೌಂಡ್, ಎಷ್ಟು ಹೊತ್ತು? (ಮೈಸೂರಿನ ಓದುಗರೊಬ್ಬರು)

ಉತ್ತರ: ಹಾಕಬಹುದು. ಆದರೆ ಮೆಷಿನ್ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಪ್ರಶ್ನೆಯ ಒಂದು ಮಾತನ್ನು ಬಿಡಿಸಿ ನೋಡಬೇಕು. ಗೆರೆಗಳು ಮತ್ತೆ ಬಂದವು ಎಂದಿದ್ದೀರಿ. ಬಹುಪಾಲು ಗೆರೆಗಳು ಹೋಗಿಯೇ ಇರಲಿಲ್ಲ. ಗೆರೆಯೆಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರದಲ್ಲಿ, ಅಂದರೆ ಕ್ಲಿಯರ್ ಕೋಟ್‌ನಲ್ಲಿ ಬಿದ್ದ ಒಂದು ಸಣ್ಣ ಕಾಲುವೆ. ಅದನ್ನು ಇಲ್ಲವಾಗಿಸಲು ಇರುವ ದಾರಿ ಒಂದೇ: ಕಾಲುವೆಯ ತಳದ ಮಟ್ಟಕ್ಕೆ ಸುತ್ತಲಿನ ದಂಡೆಯನ್ನು ಸವೆಸುವುದು. ಇಲ್ಲವಾಗಿಸದೆ ಬರೀ ಮುಚ್ಚಿಹಾಕುವುದೂ ಉಂಟು. ಎಣ್ಣೆ, ಮೇಣ ಬೆರೆತ ಗ್ಲೇಜ್ ತಿಕ್ಕಿದರೆ ಕಾಲುವೆ ತುಂಬಿಕೊಂಡು ಬೆಳಕು ಚದುರದೆ ಮೇಲ್ಮೈ ನುಣುಪಾಗಿ ಕಾಣುತ್ತದೆ. ಏಳೆಂಟು ಸಲ ಶಾಂಪೂ ಹಾಕಿ ತೊಳೆದು ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ತುಂಬಿದ್ದು ಕರಗಿ ಹೋಗುತ್ತದೆ. ಎರಡು ತಿಂಗಳ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಎರಡನೆಯ ಕಾರಣ ದಿನಾ ಬೆಳಿಗ್ಗೆ ಒರೆಸುವ ಬಟ್ಟೆ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಬಕೆಟ್ ನೀರು, ಒಂದೇ ಹಳದಿ ಬಟ್ಟೆಯಲ್ಲಿ ಹತ್ತು ಹದಿನೈದು ಕಾರು ಒರೆಸುತ್ತಾರೆ. ನಾಲ್ಕನೆಯ ಕಾರಿಗೆ ಬರುವ ಹೊತ್ತಿಗೆ ಆ ಬಟ್ಟೆ ನಯವಾದ ಉಪ್ಪುಕಾಗದವೇ ಆಗಿರುತ್ತದೆ. ಮೇಲೆ ಕೂತ ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಒಣ ಬಟ್ಟೆಯಿಂದ ಎಳೆದ ಒಂದೊಂದು ಸಲಕ್ಕೂ ಅದು ಒಂದೊಂದು ಗೆರೆ ಹಾಕುತ್ತದೆ. ಇದು ನಿಲ್ಲುವ ತನಕ ಪಾಲಿಶ್ ಮಾಡಬೇಡಿ ಎಂದೇ ಹೇಳುತ್ತೇನೆ. ಸವೆಸಿದ ಕ್ಲಿಯರ್ ಕೋಟ್ ಮರಳಿ ಬರುವುದಿಲ್ಲ.

ಅಂದಹಾಗೆ, ಗೆರೆಗಳು ನಿಜಕ್ಕೂ ಸುತ್ತಾಗಿಲ್ಲ. ಅವು ಎಲ್ಲ ದಿಕ್ಕಿನಲ್ಲೂ ಬಿದ್ದಿರುತ್ತವೆ. ಬೆಳಕು ಬಿದ್ದಾಗ ಅದಕ್ಕೆ ಅಡ್ಡವಾಗಿರುವ ಗೆರೆಗಳಷ್ಟೇ ಹೊಳೆಯುವುದರಿಂದ ಬಲ್ಬಿನ ಸುತ್ತ ಚಕ್ರವಿದ್ದಂತೆ ಕಾಣುತ್ತದೆ. ಟಾರ್ಚನ್ನು ಒಂದಡಿ ಸರಿಸಿ ನೋಡಿ, ಚಕ್ರವೂ ಜೊತೆಗೇ ಸರಿಯುತ್ತದೆ.

ಈಗ ನಿಮ್ಮ ಕೈಯಲ್ಲಿ ಎಷ್ಟು ಬಂಡವಾಳವಿದೆ ನೋಡೋಣ. ಕಾರ್ಖಾನೆಯಿಂದ ಬಂದ ಪೇಂಟ್, ತಳದ ಪ್ರೈಮರಿನಿಂದ ಮೇಲಿನ ಕ್ಲಿಯರ್ ತನಕ ಎಲ್ಲ ಸೇರಿ ಸುಮಾರು 100ರಿಂದ 130 ಮೈಕ್ರಾನ್. ಜೆರಾಕ್ಸ್ ಅಂಗಡಿಯ ಒಂದು ಎ4 ಹಾಳೆಯ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50 ಮೈಕ್ರಾನ್. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆದು ಕಪ್ಪು ಬಣ್ಣವನ್ನು ಕಾಯುವುದು ಈ ಪದರವೇ. ಗೆರೆ ಸವೆಸುವ ಕಟಿಂಗ್ ಕಾಂಪೌಂಡ್ ಒಂದು ಸಲದ ಪೂರ್ತಿ ಕೆಲಸದಲ್ಲಿ 2ರಿಂದ 5 ಮೈಕ್ರಾನ್ ತೆಗೆಯುತ್ತದೆ, ಕೊನೆಯ ನುಣುಪಿಗೆ ಹಾಕುವ ಫಿನಿಶಿಂಗ್ ಪಾಲಿಶ್ 1 ಮೈಕ್ರಾನ್‌ಗೂ ಕಡಿಮೆ. ಹಿಂದೆ ಎರಡು ಸಲ ರಬ್ಬಿಂಗ್ ಆಗಿದೆ, ಎಷ್ಟು ತೆಗೆದಿದ್ದಾರೋ ಲೆಕ್ಕವಿಲ್ಲ. ಹಾಗಾಗಿ ಗುರಿ ನೂರಕ್ಕೆ ನೂರು ಬೇಡ. ನೂರರಲ್ಲಿ ಎಂಬತ್ತು ಗೆರೆ ಹೋದರೆ ಬಿಸಿಲಿನಲ್ಲೂ ಕಪ್ಪು ಆಳವಾಗಿ ಕಾಣುತ್ತದೆ. ಉಳಿದ ಇಪ್ಪತ್ತರ ಹಿಂದೆ ಬಿದ್ದರೆ ಕ್ಲಿಯರ್ ಕೋಟೇ ಹೋಗುತ್ತದೆ. ಉಗುರಿನ ತುದಿಯನ್ನು ಗೆರೆಗೆ ಅಡ್ಡಲಾಗಿ ನಿಧಾನ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೆರೆ ಪಾಲಿಶಿಗೆ ಮೀರಿದ್ದು, ಅದರ ಗೊಡವೆಗೆ ಹೋಗಬೇಡಿ.

ಪೇಂಟ್ ಗೇಜ್‌ನಿಂದ ಅಳೆಯಿಸುವುದು ಬಹಳ ಮುಖ್ಯ. ಸೆಕೆಂಡ್ ಹ್ಯಾಂಡ್ ಕಾರು ಪರೀಕ್ಷೆ ಮಾಡುವವರ ಬಳಿ ಇರುತ್ತದೆ, ಒಂದು ಗಂಟೆಗೆ ಕೇಳಿ ತನ್ನಿ. ಒಂದೊಂದು ಪ್ಯಾನಲ್‌ಗೆ ನಾಲ್ಕು ಮೂಲೆ, ಒಂದು ನಡು, ಹೀಗೆ ಐದು ಕಡೆ ಅಳೆದು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸಿ. 100ರ ಮೇಲಿದ್ದರೆ ನೆಮ್ಮದಿಯಾಗಿ ಕೆಲಸ ಮಾಡಬಹುದು. 80ರಿಂದ 100 ಇದ್ದರೆ ಮೀಡಿಯಂ ಫೋಮ್ ಪ್ಯಾಡ್ ತನಕ ಮಾತ್ರ. 80ಕ್ಕಿಂತ ಕಡಿಮೆ ಇರುವಲ್ಲಿ ಕಾಂಪೌಂಡ್ ಬೇಡವೇ ಬೇಡ, ಮೃದು ಪ್ಯಾಡಿನಲ್ಲಿ ಫಿನಿಶಿಂಗ್ ಪಾಲಿಶ್ ಒಂದೇ. ನಿಮ್ಮ ಎಡ ಹಿಂಬಾಗಿಲಿನಲ್ಲಿ 200ರಿಂದ 300 ಬರಬಹುದು, ಒಳಗೆ ಪುಟ್ಟಿ ಇದ್ದರೆ 500 ದಾಟುತ್ತದೆ. ಅದನ್ನು ನೋಡಿ ಪೇಂಟ್ ದಪ್ಪವಿದೆ ಎಂದು ಧೈರ್ಯ ಮಾಡಬೇಡಿ. ಗೇಜ್ ತೋರಿಸುವುದು ಒಟ್ಟು ದಪ್ಪ, ಅದರಲ್ಲಿ ಕ್ಲಿಯರ್ ಎಷ್ಟು ಎಂದು ಅದಕ್ಕೆ ತಿಳಿಯದು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಸಾಮಾನ್ಯ ಗೇಜ್ ನಡೆಯುವುದಿಲ್ಲ.

ರೂಫ್ ಮೇಲೋ ಬಾನೆಟ್ ಮೇಲೋ ಅಂಚು ಹರಿದ ಬಿಳಿ ತೇಪೆಗಳಿದ್ದರೆ, ಕೈಯಾಡಿಸಿದಾಗ ಸಿಪ್ಪೆ ಏಳುವಂತಿದ್ದರೆ, ಅಲ್ಲಿ ಕ್ಲಿಯರ್ ಕೋಟ್ ಸತ್ತಿದೆ ಎಂದರ್ಥ. ಅದಕ್ಕೆ ಪಾಲಿಶ್ ಮದ್ದಲ್ಲ, ಆ ಪ್ಯಾನಲ್ ಪೇಂಟ್ ಆಗಲೇಬೇಕು.

ತೊಳೆಯುವುದರಲ್ಲಿ ಅವಸರ ಬೇಡ. ಮೊದಲು ಪ್ರೆಷರ್ ನೀರಿನಿಂದ ಧೂಳು ಇಳಿಸಿ, ಆಮೇಲೆ ಶಾಂಪೂ. ಬೋರ್‌ವೆಲ್ ನೀರು ಒಣಗಿ ಬಿಳಿ ಚುಕ್ಕಿ ಕೂತಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ನೆರಳಿನಲ್ಲಿ ತಣ್ಣಗಿರುವ ಪ್ಯಾನಲ್ ಮೇಲೆ ಎರಡು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ನಂತರ ಐರನ್ ರಿಮೂವರ್ ಸಿಂಪಡಿಸಿ. ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಪುಡಿ ಇದ್ದರೆ ನೇರಳೆ ಬಣ್ಣವಾಗಿ ಇಳಿಯುತ್ತದೆ. ಅದನ್ನು ಒಣಗಲು ಬಿಡಬೇಡಿ. ಕೊನೆಗೆ ಕ್ಲೇ ಬಾರ್, ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ. ಬೇಕೋ ಬೇಡವೋ ತಿಳಿಯಲು ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ತೊಳೆದ ಬಾನೆಟ್ ಮೇಲೆ ಬೆರಳಾಡಿಸಿ. ಬರಿಗೈಗೆ ನುಣುಪೆನಿಸಿದ್ದು ಕವರಿನ ಮೂಲಕ ರವೆ ಚೆಲ್ಲಿದಂತೆ ತರಿತರಿ ಎನಿಸಿದರೆ ಕ್ಲೇ ಬೇಕು. ಶಾಂಪೂ ನೀರಿನ ಜಾರಿಕೆಯಲ್ಲಿ ಒತ್ತದೆ ಆಡಿಸಿ, ಆಗಾಗ ಮಡಚಿ ಹೊಸ ಮುಖ ಹೊರತನ್ನಿ. ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆದುಬಿಡಿ, ಅದಕ್ಕೆ ಹತ್ತಿದ ಒಂದು ಮರಳಿನ ಕಣ ಇಡೀ ಬಾಗಿಲಿಗೆ ಗೆರೆ ಎಳೆಯುತ್ತದೆ. ಈ ಹಂತ ಬಿಟ್ಟರೆ ಅಂಟಿದ ಕೊಳೆಯೆಲ್ಲ ಪ್ಯಾಡಿಗೆ ಸೇರಿ, ನೀವೇ ಹೊಸ ಗೆರೆ ಹಾಕಿದಂತಾಗುತ್ತದೆ.

ಕಿಟಕಿಯ ರಬ್ಬರ್, ಕಪ್ಪು ಪ್ಲಾಸ್ಟಿಕ್, ಲೋಗೋ, ಎಲ್ಲದಕ್ಕೂ ಟೇಪ್ ಹಾಕಿ. ತರಿಯಿರುವ ಪ್ಲಾಸ್ಟಿಕ್‌ನಲ್ಲಿ ಪಾಲಿಶ್ ಒಣಗಿ ಬಿಳಿಯಾದರೆ ಬಿಡಿಸುವುದು ದೊಡ್ಡ ಕಷ್ಟ. ಬಾಗಿಲುಗಳ ಮೇಲೆ ಉದ್ದಕ್ಕೆ ಹಾದುಹೋಗುವ ಚೂಪು ಮಡಿಕೆ, ಬಾನೆಟ್ ಅಂಚು, ವೀಲ್ ಆರ್ಚಿನ ಬಾಯಿ, ಇವಕ್ಕೂ ಟೇಪ್ ಬೇಕು. ಪೇಂಟ್ ಒಣಗುವಾಗ ಅಂಚಿನಿಂದ ಹಿಂದೆ ಸರಿಯುವುದರಿಂದ ಅಲ್ಲಿ ಪದರ ತೆಳು. ಜೊತೆಗೆ ಪ್ಯಾಡಿನ ಒತ್ತಡವೆಲ್ಲ ಆ ಸಣ್ಣ ಗೆರೆಯ ಮೇಲೇ ಬೀಳುತ್ತದೆ. ಪೇಂಟ್ ಸುಟ್ಟ ಕಾರುಗಳನ್ನು ನೋಡಿ, ಮೊದಲು ಹೋಗಿರುವುದು ಅಂಚೇ.

ಮೆಷಿನ್ ವಿಷಯದಲ್ಲಿ ನಿಮ್ಮ ಆಯ್ಕೆ ಸರಿಯಾಗಿದೆ. ರೋಟರಿ ಒಂದೇ ಅಕ್ಷದಲ್ಲಿ ಸುತ್ತುವುದರಿಂದ ಬಿಸಿ ಬೇಗ ಏರುತ್ತದೆ, ಉಣ್ಣೆ ಪ್ಯಾಡ್ ಹಾಕಿ ಓರೆ ಹಿಡಿದರೆ ನೆರಳಿನಂಥ ಪಟ್ಟೆಗಳು ಉಳಿಯುತ್ತವೆ. ಡಿಎ ಸುತ್ತುತ್ತಲೇ 15 ಮಿ.ಮೀ. ಅತ್ತಿತ್ತ ಓಲಾಡುತ್ತದೆ. ನಿಧಾನ, ಆದರೆ ಕಲಿಯುವವರ ಕೈಗೆ ಸುರಕ್ಷಿತ. ಒಂದು ಕೆಲಸ ತಪ್ಪದೆ ಮಾಡಿ: ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ ಬದಿಯಲ್ಲಿ ಮಾರ್ಕರಿನಿಂದ ಒಂದು ದಪ್ಪ ಗೆರೆ ಎಳೆಯಿರಿ. ಪ್ಯಾಡ್ ತಿರುಗುತ್ತಿದೆಯೋ ಬರೀ ನಡುಗುತ್ತಿದೆಯೋ ಎಂದು ಆ ಗೆರೆ ಹೇಳುತ್ತದೆ. ತಿರುಗುವುದು ನಿಂತರೆ ಗೆರೆ ತೆಗೆಯುವ ಕೆಲಸವೂ ಹೆಚ್ಚುಕಡಿಮೆ ನಿಂತಂತೆ. ಒತ್ತಡ ಹೆಚ್ಚಾದಾಗ, ಪ್ಯಾಡ್ ಓರೆಯಾದಾಗ, ಬಾಗಿದ ಜಾಗದಲ್ಲಿ ಹೀಗಾಗುತ್ತದೆ. ಮನೆಯಲ್ಲಿ ಮೈತೂಕ ನೋಡುವ ಯಂತ್ರವಿದ್ದರೆ ಆಫ್ ಆಗಿರುವ ಮೆಷಿನನ್ನು ಅದರ ಮೇಲಿಟ್ಟು ಒತ್ತಿ ನೋಡಿ. ಮೆಷಿನ್ ತೂಕವೂ ಸೇರಿ 5ರಿಂದ 7 ಕಿಲೋ ತೋರಿಸಬೇಕು. ಕೈಗೆ ಆ ಅಂದಾಜು ಬಂದರೆ ಅರ್ಧ ಕೆಲಸ ಕಲಿತಂತೆ.

5 ಇಂಚಿನ ಪ್ಲೇಟಿಗೆ ಐದೂವರೆ ಇಂಚಿನ ಪ್ಯಾಡ್ ಸಾಕು. ಮೀಡಿಯಂ ಫೋಮ್ ನಾಲ್ಕು, ಮೃದು ಫಿನಿಶಿಂಗ್ ಫೋಮ್ ಮೂರು, ಮೈಕ್ರೋಫೈಬರ್ ಕಟಿಂಗ್ ಪ್ಯಾಡ್ ಎರಡು. ಪಿಲ್ಲರ್, ಬಂಪರ್ ಸಂದಿಗಳಿಗೆ 3 ಇಂಚಿನ ಪ್ಲೇಟ್ ಮತ್ತು ಪ್ಯಾಡ್ ಇದ್ದರೆ ಒಳ್ಳೆಯದು. ಪ್ಯಾಡಿನ ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಹಳದಿ ಗಡಸು, ಇನ್ನೊಂದರ ಹಳದಿ ಮೃದು. ಪಾಲಿಶ್ ದ್ರವದಲ್ಲಿ ಎರಡು ಬಗೆ. ಮೆಂಜರ್ನಾ ಕಂಪನಿಯಂಥವುಗಳಲ್ಲಿ ಕಣಗಳು ಉಜ್ಜುತ್ತ ಉಜ್ಜುತ್ತ ಪುಡಿಯಾಗಿ ನುಣುಪಾಗುತ್ತವೆ, ಹಾಗಾಗಿ ಅರ್ಧಕ್ಕೆ ನಿಲ್ಲಿಸಿದರೆ ಮಬ್ಬು ಉಳಿಯುತ್ತದೆ. ಮೆಗ್ವಾಯರ್ಸ್ 105, 205ರಲ್ಲಿ ಕಣದ ಗಾತ್ರ ಮೊದಲಿನಿಂದ ಕೊನೆಯ ತನಕ ಒಂದೇ, ಅಲ್ಲಿ ಫಲ ನಿರ್ಧಾರವಾಗುವುದು ಪ್ಯಾಡ್ ಮತ್ತು ಒತ್ತಡದಿಂದ. 105 ಕಟಿಂಗಿಗೆ, 205 ಫಿನಿಶಿಂಗಿಗೆ. ಯಾವುದನ್ನೇ ಕೊಂಡರೂ ಕಟಿಂಗ್, ಫಿನಿಶಿಂಗ್ ಎರಡನ್ನೂ ಒಂದೇ ಕಂಪನಿಯದು ಕೊಳ್ಳಿ, ಒಂದರ ಗುಣ ಕಲಿಯುವುದು ಸುಲಭ.

ಯಾವ ಪ್ಯಾಡ್, ಯಾವ ಕಾಂಪೌಂಡ್ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹೇಳಬೇಕಾದ್ದು ನಾನಲ್ಲ, ನಿಮ್ಮ ಕಾರಿನ ಬಾನೆಟ್. ಬಾನೆಟ್ ನಡುವೆ 40×40 ಸೆಂ.ಮೀ. ಚೌಕಕ್ಕೆ ಟೇಪ್ ಹಾಕಿ. ಮೊದಲ ಪ್ರಯತ್ನ ಫಿನಿಶಿಂಗ್ ಪಾಲಿಶ್ ಮತ್ತು ಮೃದು ಫೋಮ್. ಸಾಲದಿದ್ದರೆ ಅದೇ ಪಾಲಿಶ್, ಮೀಡಿಯಂ ಫೋಮ್. ಅದೂ ಸಾಲದಿದ್ದರೆ ಕಾಂಪೌಂಡ್ ಮತ್ತು ಮೀಡಿಯಂ ಫೋಮ್. ಮೈಕ್ರೋಫೈಬರ್ ಪ್ಯಾಡ್ ಕೊನೆಯ ಅಸ್ತ್ರ, 100 ಮೈಕ್ರಾನ್ ಮೇಲಿರುವ ಪ್ಯಾನಲ್‌ಗೆ ಮಾತ್ರ. ಎಲ್ಲಿ ಎಂಬತ್ತು ಪಾಲು ಗೆರೆ ಹೋಗುತ್ತದೋ ಅಲ್ಲೇ ನಿಲ್ಲಿ, ಮುಂದಿನ ಮೆಟ್ಟಿಲು ಹತ್ತಬೇಡಿ. ಈ ಪರೀಕ್ಷೆಗೆ ಒಂದು ಗಂಟೆ ಹಿಡಿದರೂ ಪರವಾಗಿಲ್ಲ. ಕಪ್ಪು ಪೇಂಟ್ ಮೃದುವಾಗಿದ್ದರೆ ಮೊದಲ ಎರಡು ಮೆಟ್ಟಿಲಿನಲ್ಲೇ ಕೆಲಸ ಮುಗಿಯಬಹುದು.

ಒಂದು ಚೌಕದ ಕೆಲಸ ಹೀಗೆ. ಹೊಸ ಪ್ಯಾಡಿಗೆ ಮೊದಲ ಸಲ ಪಾಲಿಶನ್ನು ಬೆರಳಿನಿಂದ ತೆಳುವಾಗಿ ಮುಖದ ತುಂಬ ಸವರಿ. ಆಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ, ಅಷ್ಟೇ. ಹೆಚ್ಚು ಹಾಕಿದರೆ ಪ್ಯಾಡ್ ಜಾರುತ್ತದೆಯೇ ಹೊರತು ಕತ್ತರಿಸುವುದಿಲ್ಲ, ಫೋಮ್ ಒಳಗೆ ಅಂಟಾಗಿ ಕೂರುತ್ತದೆ. ಪ್ಯಾಡನ್ನು ಪ್ಯಾನಲ್ ಮೇಲಿಟ್ಟೇ ಸ್ವಿಚ್ ಹಾಕಿ, ಎತ್ತುವ ಮೊದಲು ಸ್ವಿಚ್ ತೆಗೆಯಿರಿ, ಇಲ್ಲದಿದ್ದರೆ ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ. ವೇಗ 2ರಲ್ಲಿ ಹರಡಿ, ನಂತರ 4 ಅಥವಾ 5ಕ್ಕೆ ಏರಿಸಿ. ಸೆಕೆಂಡಿಗೆ 4 ಸೆಂ.ಮೀ. ಲೆಕ್ಕದಲ್ಲಿ, ಅಂದರೆ ಚೌಕದ ಈ ತುದಿಯಿಂದ ಆ ತುದಿಗೆ 10 ಸೆಕೆಂಡ್, ಹಿಂದಿನ ಸಾಲಿನ ಅರ್ಧ ಮುಚ್ಚುವಂತೆ ಮುಂದಿನ ಸಾಲು. ಗದ್ದೆ ಉಳುವ ಹಾಗೆ ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು. ಹೀಗೆ ನಾಲ್ಕು ಸುತ್ತು, ಕೊನೆಯದರಲ್ಲಿ ಒತ್ತಡ ಬಿಟ್ಟು ಮೆಷಿನ್ ಭಾರ ಮಾತ್ರ. ಒಟ್ಟು ನಾಲ್ಕೂವರೆ ನಿಮಿಷ. ಕೈ ಬೀಸಿ ಬೀಸಿ ಆಡಿಸುವುದೇ ಎಲ್ಲರ ಮೊದಲ ತಪ್ಪು. ಹಾಗೆ ಆಡಿಸಿದರೆ ಹೊಳಪು ಬರುತ್ತದೆ, ಗೆರೆ ಅಲ್ಲೇ ಇರುತ್ತದೆ. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಕೊಡವಿ, ಎರಡು ಪ್ಯಾನಲ್‌ಗೊಮ್ಮೆ ಬೇರೆ ಪ್ಯಾಡ್. ಕೇಬಲ್ ಹೆಗಲ ಮೇಲಿರಲಿ, ಮಾಸ್ಕ್ ಮತ್ತು ಕನ್ನಡಕ ಇರಲಿ.

ಒರೆಸಿದ ಮೇಲೆ ನೋಡುವ ಹೊಳಪನ್ನು ನಂಬಬೇಡಿ. ಪಾಲಿಶಿನಲ್ಲೂ ಎಣ್ಣೆ ಇದೆ, ಅದೂ ಗೆರೆ ಮುಚ್ಚುತ್ತದೆ. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ 1 ಪಾಲಿಗೆ ಡಿಸ್ಟಿಲ್ಡ್ ನೀರು 6 ಪಾಲು ಬೆರೆಸಿ, ತಣಿದ ಪ್ಯಾನಲ್ ಮೇಲೆ ಸಿಂಪಡಿಸಿ ಕೂಡಲೇ ಮೈಕ್ರೋಫೈಬರ್‌ನಿಂದ ಒರೆಸಿ, ಟಾರ್ಚ್ ಹಿಡಿಯಿರಿ. ಆಗ ಕಾಣುವುದೇ ನಿಜ. ಹೊರಗೆ ರಬ್ಬಿಂಗ್ ಮಾಡಿಸಿದ ದಿನ ಈ ಒಂದು ಒರೆಸು ಒರೆಸಿದ್ದರೆ ಎರಡು ತಿಂಗಳು ಕಾಯಬೇಕಿರಲಿಲ್ಲ.

ಕೆಲಸದ ನಡುವೆ ಪ್ಯಾಡಿನ ಮುಖವನ್ನು ಆಗಾಗ ತಿರುಗಿಸಿ ನೋಡಿ. ಕ್ಲಿಯರ್ ಕೋಟ್ ಸರಿಯಿದ್ದರೆ ಪ್ಯಾಡ್ ಮೇಲೆ ಪಾಲಿಶಿನದೇ ಬಿಳಿ ಅಥವಾ ಬೂದು ಬಣ್ಣ. ಕಪ್ಪು ಬಣ್ಣ ಹತ್ತಲು ಶುರುವಾದರೆ ಕ್ಲಿಯರ್ ಮುಗಿದು ಕೆಳಗಿನ ಬಣ್ಣದ ಪದರ, ಬೇಸ್ ಕೋಟ್, ಬರುತ್ತಿದೆ, ಆ ಕ್ಷಣವೇ ನಿಲ್ಲಿಸಿ. ಇದು ನಿಮ್ಮ ಕಾರಿಗೆ ಹೇಳಿದ್ದು. ಹಳೆಯ ಮಾರುತಿ 800, ಓಮ್ನಿ, ಅಂಬಾಸಿಡರ್ ಕಾರುಗಳ ಬಿಳಿ ಪೇಂಟಿನಲ್ಲಿ ಎಷ್ಟೋ ಸಲ ಕ್ಲಿಯರ್ ಇರುವುದೇ ಇಲ್ಲ, ಬಣ್ಣವೇ ಮೇಲ್ಪದರ. ಅಲ್ಲಿ ಪ್ಯಾಡಿಗೆ ಬಣ್ಣ ಹತ್ತುವುದು ಸಹಜ. ಅಂಥ ಕಾರಿನಲ್ಲಿ ಮಬ್ಬಾದ ಮೇಲ್ಪದರ ಸ್ವಲ್ಪ ಹೋದರೆ ಕೆಳಗಿನ ಜೀವಂತ ಬಣ್ಣ ಎದ್ದುಬರುತ್ತದೆ. ಅವಕ್ಕೆ ಮೃದು ಪ್ಯಾಡ್ ಮತ್ತು ತಾಳ್ಮೆ ಸಾಕು.

ಏನೇನು ಕೈಕೊಡಬಹುದು ಎಂಬುದನ್ನೂ ಹೇಳಿಬಿಡುತ್ತೇನೆ. ಕಟಿಂಗ್ ಆದಮೇಲೆ ಕಪ್ಪಿನ ಮೇಲೆ ಹೊಗೆ ಸುಳಿದಂತೆ ಮಬ್ಬು ಕಂಡರೆ ಗಾಬರಿಯಾಗಬೇಡಿ, ಅದು ಪ್ಯಾಡ್ ಮತ್ತು ಕಾಂಪೌಂಡಿನ ಸೂಕ್ಷ್ಮ ಗುರುತು. ಮೃದು ಫೋಮ್, ಫಿನಿಶಿಂಗ್ ಪಾಲಿಶ್, ವೇಗ 3 ಅಥವಾ 4, ಹಗುರ ಕೈ, ನಾಲ್ಕು ಸುತ್ತು. ಮಬ್ಬು ಹೋಗುತ್ತದೆ. ಪುಡಿ ಹಾರಿ ಪಾಲಿಶ್ ಒಣಗುತ್ತಿದ್ದರೆ ಪ್ಯಾನಲ್ ಬಿಸಿಯಿದೆ ಅಥವಾ ಫ್ಯಾನ್ ಗಾಳಿ ನೇರ ಬೀಳುತ್ತಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರರಿಂದ ಹತ್ತರೊಳಗೆ ಮುಗಿಸಿ. ಅಂಗೈಯನ್ನು ಪ್ಯಾನಲ್ ಮೇಲೆ ಐದು ಸೆಕೆಂಡ್ ಹಾಯಾಗಿ ಇಡಲಾಗದಿದ್ದರೆ ಅಲ್ಲಿಂದ ಬೇರೆ ಪ್ಯಾನಲ್‌ಗೆ ಹೋಗಿ. ಒರೆಸಿದ ಮೇಲೆ ನೇರವಾದ ಹೊಸ ಗೆರೆ ಕಂಡರೆ ತಪ್ಪು ಮೆಷಿನಿನದಲ್ಲ, ಟವೆಲ್ಲಿನದು. ಮೈಕ್ರೋಫೈಬರ್ ಟವೆಲ್ಲಿನ ಲೇಬಲ್ ಕಿತ್ತುಹಾಕಿ, ನೆಲಕ್ಕೆ ಬಿದ್ದದ್ದನ್ನು ಚಕ್ರ ಒರೆಸಲು ಇಟ್ಟುಬಿಡಿ.

ಪೇಂಟ್ ಆದ ಹಿಂಬಾಗಿಲಿಗೆ ಪ್ರತ್ಯೇಕ ಪರೀಕ್ಷಾ ಚೌಕ ಬೇಕು. ಅದರ ಕ್ಲಿಯರ್ ಬೇರೆ, ಗಡಸುತನವೂ ಬೇರೆ. ಅದು ಹಳೆಯ ಕಾಲದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟೋ ಎಂದು ಸಂಶಯವಿದ್ದರೆ ಬಾಗಿಲಿನ ಒಳ ಅಂಚಿನ ಕಾಣದ ಜಾಗದಲ್ಲಿ ಥಿನ್ನರ್ ತಾಗಿಸಿದ ಬಟ್ಟೆ ಚೂರಿನಿಂದ ಮೆಲ್ಲಗೆ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಸರಾಗವಾಗಿ ಕರಗಿ ಬಂದರೆ ಎನ್‌ಸಿ. ಅಲ್ಲಿ ಫಿನಿಶಿಂಗ್ ಪಾಲಿಶನ್ನು ಕೈಯಿಂದ ಹಾಕುವುದೇ ಮೇಲು. ಬಂಪರ್ ಪ್ಲಾಸ್ಟಿಕ್ ಶಾಖವನ್ನು ಲೋಹದಂತೆ ಬೇಗ ಹರಡುವುದಿಲ್ಲ, ಒಂದೇ ಕಡೆ ಬಿಸಿ ನಿಲ್ಲುತ್ತದೆ, ಪೇಂಟ್ ಉಬ್ಬಬಹುದು. ಅಲ್ಲಿ ವೇಗ 3, ಒತ್ತಡ ಕಡಿಮೆ, ಎರಡೇ ಸುತ್ತು, ನಡುವೆ ತಣಿಯಲು ಬಿಡಿ.

ಇಡೀ ಕಾರಿಗೆ ಎರಡು ದಿನ ಇಟ್ಟುಕೊಳ್ಳಿ. ಬಾನೆಟ್ ಒಂದಕ್ಕೇ ಎಂಟು ಹತ್ತು ಚೌಕ, ಒರೆಸುವುದೂ ಸೇರಿ ಒಂದು ಗಂಟೆ ಮೀರುತ್ತದೆ. ಮೊದಲ ದಿನ ತೊಳೆದು, ಅಳೆದು, ಪರೀಕ್ಷಾ ಚೌಕ ಮುಗಿಸಿ ಬಾನೆಟ್, ರೂಫ್, ಡಿಕ್ಕಿ. ಮರುದಿನ ಬದಿಗಳು, ಬಂಪರ್‌ಗಳು. ಕೊನೆಗೆ ಅಂಚಿನ ಟೇಪ್ ಬಿಚ್ಚಿ, ಅಲ್ಲಿ ಮೃದು ಪ್ಯಾಡಿನಲ್ಲಿ ಒಂದೇ ಒಂದು ಹಗುರ ಸುತ್ತು. ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಆಲ್ಕೊಹಾಲ್ ನೀರಿನಿಂದ ಒರೆಸಿ, ಪೇಂಟನ್ನು ಕಾಯುವ ಸೀಲಂಟ್ ಹಾಕಿ. ಸೆರಾಮಿಕ್ ಕೋಟಿಂಗ್ ಕೂಡ ಹಾಕಿಸಬಹುದು, ನೀರು ಬೇಗ ಜಾರುತ್ತದೆ, ತೊಳೆಯುವುದು ಸುಲಭ. ಆದರೆ ಮರಳು ಹತ್ತಿದ ಬಟ್ಟೆಯ ಗೆರೆ ಸೆರಾಮಿಕ್ ಮೇಲೂ ಬೀಳುತ್ತದೆ.

ಮುಂದಕ್ಕೆ ವಾರಕ್ಕೊಮ್ಮೆ ಎರಡು ಬಕೆಟ್ ಪದ್ಧತಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಪ್ರತಿ ಪ್ಯಾನಲ್ ಆದಮೇಲೆ ಕೈಗವಸನ್ನು ಬರೀ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂವಿಗೆ ಅದ್ದಬೇಕು. ರೂಫ್‌ನಿಂದ ಕೆಳಕ್ಕೆ ಬನ್ನಿ, ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ, ಚಕ್ರಕ್ಕೆ ಬೇರೆಯದೇ ಬಟ್ಟೆ. ಒಣಗಿಸಲು ದೊಡ್ಡ ಡ್ರೈಯಿಂಗ್ ಟವೆಲ್ ಹಾಸಿ ಒತ್ತಿ ಎತ್ತಿ, ಉಜ್ಜಬೇಡಿ. ಇನ್ನು ಮೇಲೆ ಕಾಂಪೌಂಡ್ ಬೇಡ. ವರ್ಷಕ್ಕೊಮ್ಮೆ ಬೇಕೆನಿಸಿದರೆ ಮೃದು ಪ್ಯಾಡಿನಲ್ಲಿ ಫಿನಿಶಿಂಗ್ ಪಾಲಿಶ್ ಸಾಕು. ಬೆಳಿಗ್ಗೆ ಕಾರು ಒರೆಸುವವರ ಕೆಲಸ ತಪ್ಪಿಸಬೇಡಿ. ತಿಂಗಳ ಸಂಬಳ ಹಾಗೇ ಕೊಟ್ಟು, ಗಾಜು ಮತ್ತು ಚಕ್ರ ಮಾತ್ರ ಒರೆಸಿ ಅಣ್ಣಾ, ಕಾರಿನ ಮೈಗೆ ಬಟ್ಟೆ ತಾಗಿಸಬೇಡಿ ಎಂದು ಹೇಳಿ. ಮರೆಯದಂತೆ ಮೊದಲ ವಾರ ವೈಪರ್‌ಗೆ ಒಂದು ಚೀಟಿ ಸಿಕ್ಕಿಸಿಡಿ.